ಗಂಟಲು ಎಲ್ಲಿ ಮುಚ್ಚುತ್ತಿದೆ? ಗೊರಕೆಯ ಆಪರೇಷನ್ನಿಗೆ ಮೊದಲು ಕೇಳಬೇಕಾದ ಪ್ರಶ್ನೆ

ಭಾವನ ಗೊರಕೆಯನ್ನು ಅಕ್ಕ ತನ್ನ ಮೊಬೈಲಿನಲ್ಲಿ ರೆಕಾರ್ಡು ಮಾಡಿಟ್ಟುಕೊಂಡಿದ್ದಳು. ಹಾಸನದ ಅವರ ಮನೆಯ ಅಡುಗೆಮನೆಯಲ್ಲಿ ನಿಂತು ಕಳೆದ ಮಳೆಗಾಲದಲ್ಲಿ ಅದನ್ನು ನನಗೆ ಕೇಳಿಸಿದಳು. ಮೊದಲು ಏರುತ್ತ ಹೋಗುವ ಗೊರಕೆ, ಆಮೇಲೆ ಇದ್ದಕ್ಕಿದ್ದಂತೆ ನಿಶ್ಶಬ್ದ. ಹೆಂಚಿನಿಂದ ಹನಿ ಬೀಳುವ ಸದ್ದೊಂದೇ ಕೇಳುತ್ತಿತ್ತು. ಅಕ್ಕ ಬೆರಳು ಮಡಿಸುತ್ತ ಎಣಿಸಿದಳು. ಎಣಿಕೆ ಇಪ್ಪತ್ತಾರಕ್ಕೆ ಬಂದಾಗ, ನೀರಿನಲ್ಲಿ ಮುಳುಗಿದವರು ಮೇಲೆದ್ದು ಉಸಿರೆಳೆದುಕೊಳ್ಳುವಂಥ ಸದ್ದು, ಮಗ್ಗುಲು ಬದಲಿಸಿದ ಸದ್ದು, ಮತ್ತೆ ಗೊರಕೆ. "ಸದ್ದು ಇದ್ದರೆ ನನಗೆ ನಿದ್ದೆ ಬರುತ್ತೆ ಕಣೋ, ಸದ್ದು ನಿಂತರೆ ಎಚ್ಚರ ಆಗುತ್ತೆ" ಎಂದಳು.

ಭಾವ ಲಾರಿ ಓಡಿಸುತ್ತಾರೆ. ತಿಂಗಳಿನ ಅರ್ಧ ರಾತ್ರಿಗಳು ಅವರಿಗೆ ಶಿರಾಡಿ ಘಾಟಿಯ ಮೇಲೋ ಕೆಳಗೋ ಕಳೆಯುತ್ತವೆ. ಅಕ್ಕನ ಒತ್ತಾಯಕ್ಕೆ ಒಂದು ಖಾಸಗಿ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ನಾಲಿಗೆ ಒತ್ತಿ ಹಿಡಿದು, ಟಾರ್ಚು ಬಿಟ್ಟು ನೋಡಿ, ಗಂಟಲಿನಲ್ಲಿ ಮಾಂಸ ಜಾಸ್ತಿಯಿದೆ, ಅದನ್ನು ತೆಗೆದರೆ ಗೊರಕೆ ನಿಲ್ಲುತ್ತದೆ ಎಂದು ಹೇಳಿ, ಖರ್ಚಿನ ಅಂದಾಜನ್ನೂ ಆಪರೇಷನ್ನಿನ ದಿನವನ್ನೂ ಬರೆದುಕೊಟ್ಟರು. ನಿದ್ದೆಯಲ್ಲಿ ಉಸಿರು ಎಷ್ಟು ಸಲ ನಿಲ್ಲುತ್ತಿದೆ ಎಂಬುದನ್ನು ಯಾರೂ ಅಳೆದಿರಲಿಲ್ಲ. ಗಂಟಲು ಯಾವ ಜಾಗದಲ್ಲಿ ಮುಚ್ಚುತ್ತಿದೆ ಎಂಬುದನ್ನು ಯಾರೂ ನೋಡಿರಲಿಲ್ಲ. ಈ ಎರಡು ಲೆಕ್ಕಗಳಿಲ್ಲದೆ ಗಂಟಲಿನ ಆಪರೇಷನ್ನಿಗೆ ಒಪ್ಪಬಾರದು, ಈ ಎರಡೂ ಸಿಕ್ಕ ಮೇಲೆ ಆಪರೇಷನ್ನನ್ನು ಸುಮ್ಮನೆ ತಳ್ಳಿಹಾಕಲೂ ಬಾರದು ಎಂಬುದು ಈ ಲೇಖನದ ವಾದ.

ಹಾಸನದಲ್ಲಿ ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2025ರ ಮೇ ಮತ್ತು ಜೂನ್ ತಿಂಗಳಲ್ಲಿ ಜಿಲ್ಲೆಯ ಕಿರಿಯ ವಯಸ್ಸಿನವರ ಹಠಾತ್ ಸಾವುಗಳು ಸಾಲುಸಾಲಾಗಿ ಸುದ್ದಿಯಾದಾಗ, ಇಸಿಜಿ ಮಾಡಿಸಿಕೊಳ್ಳಲು ಜನ ಇಲ್ಲಿಂದ ಮೈಸೂರಿನ ಜಯದೇವ ಆಸ್ಪತ್ರೆಯವರೆಗೆ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ರಚಿಸಿತು. ಹೃದಯಾಘಾತಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲ ಎಂದು ಆ ಸಮಿತಿ ಜುಲೈಯಲ್ಲಿ ವರದಿ ಕೊಟ್ಟಿತು. ಆ ಸಾವುಗಳಿಗೂ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಎಂಬ ಕಾಯಿಲೆಗೂ ನಾನು ನಂಟು ಹಾಕುತ್ತಿಲ್ಲ, ಹಾಗೆ ಹಾಕುವುದಕ್ಕೆ ಆಧಾರವೂ ಇಲ್ಲ. ಆದರೆ ಬಿಪಿ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು ಎಂದು ಅಪಾಯಗಳ ಪಟ್ಟಿಯನ್ನು ಆ ದಿನಗಳಲ್ಲಿ ಎಲ್ಲರೂ ಬಾಯಿಪಾಠ ಮಾಡಿದೆವು. ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದ ಬಿಪಿಯ ಹಿಂದೆ ಅನೇಕ ಸಲ ಇರುವ ಸ್ಲೀಪ್ ಅಪ್ನಿಯಾದ ಹೆಸರನ್ನು ಮಾತ್ರ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ. 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಒಂದಲ್ಲ ಒಂದು ಪ್ರಮಾಣದಲ್ಲಿದೆ ಎಂದು 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು ಹೇಳುತ್ತದೆ.

ಕಾಯಿಲೆಯ ಒಳಗುಟ್ಟನ್ನು ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸಿದವರಿಗೆ ವಿವರಿಸುವುದು ಸುಲಭ. ಕೆರೆಯಿಂದ ಮೋಟಾರಿನವರೆಗೆ, ಅಂದರೆ ನೀರು ಹೀರುವ ಕಡೆಗೆ, ಗಟ್ಟಿ ಪೈಪನ್ನೇ ಹಾಕುತ್ತಾರೆ. ಮೋಟಾರು ನೀರನ್ನು ಒತ್ತಿ ಕಳಿಸುವ ಕಡೆಗೆ ಮೆತ್ತನೆಯ ಪೈಪಾದರೂ ನಡೆಯುತ್ತದೆ. ಹೀರುವ ಕಡೆಗೆ ಮೆತ್ತನೆಯದನ್ನು ಸಿಕ್ಕಿಸಿದರೆ ಮೋಟಾರು ಎಳೆದ ಕೂಡಲೇ ಪೈಪು ಚಪ್ಪಟೆಯಾಗಿ ಅಂಟಿಕೊಂಡು ನೀರು ನಿಂತುಹೋಗುತ್ತದೆ. ನಮ್ಮ ಗಂಟಲು ಹೀರುವ ಕಡೆಗಿರುವ ಮೆತ್ತನೆಯ ಪೈಪು. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗೆ ಅದನ್ನು ಸುತ್ತಲೂ ತೆರೆದು ಹಿಡಿಯುವ ಗಟ್ಟಿ ಮೂಳೆಯ ಬಳೆಯಿಲ್ಲ. ಸ್ನಾಯುಗಳೇ ಆ ಕೆಲಸ ಮಾಡುತ್ತವೆ. ನಿದ್ದೆಯಲ್ಲಿ ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. ದಾರಿ ಅರ್ಧ ಕಿರಿದಾದಾಗ ಮೆತ್ತನೆಯ ಅಂಗುಳವೂ ಕಿರುನಾಲಿಗೆಯೂ ಗಾಳಿಗೆ ಪಟಪಟನೆ ಅದುರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಸದ್ದು ಇರುವುದಿಲ್ಲ, ಉಸಿರೂ ಇರುವುದಿಲ್ಲ. ಎದೆ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಚ್ಚರವಾಗಿ ಸ್ನಾಯುಗಳನ್ನು ಬಿಗಿಯುತ್ತದೆ, ಬಿಪಿ ಒಮ್ಮೆಲೇ ಜಿಗಿಯುತ್ತದೆ. ಮಲಗಿದವರಿಗೆ ಇದೊಂದೂ ನೆನಪಿರುವುದಿಲ್ಲ. ಬೆಳಗ್ಗೆ ತಲೆ ಭಾರ, ಮಧ್ಯಾಹ್ನ ತೂಕಡಿಕೆ, ಅಷ್ಟೇ ಅವರಿಗೆ ಗೊತ್ತಾಗುವುದು.

ಅಕ್ಕ ಎಣಿಸಿದ್ದನ್ನೇ ವೈದ್ಯರು ಯಂತ್ರದಿಂದ ಎಣಿಸುತ್ತಾರೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದು ಒಂದು ಅಪ್ನಿಯಾ. ಪೂರ್ತಿ ನಿಂತದ್ದನ್ನೂ ಅರೆಬರೆ ಕುಗ್ಗಿದ್ದನ್ನೂ ಕೂಡಿಸಿ ಗಂಟೆಗೆ ಸರಾಸರಿ ಎಷ್ಟು ಎಂದು ಹೇಳುವ ಸಂಖ್ಯೆಗೆ ಎಎಚ್‌ಐ ಎಂದು ಹೆಸರು. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಈ ಸಂಖ್ಯೆಯನ್ನು ಕೊಡುವ ಸ್ಲೀಪ್ ಸ್ಟಡಿಗೆ ಈಗ ಆಸ್ಪತ್ರೆಯಲ್ಲೇ ಮಲಗಬೇಕೆಂದಿಲ್ಲ. ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಮೂಗಿನ ಬಳಿ ಸಣ್ಣ ಕೊಳವೆಯಿರುವ ಯಂತ್ರವನ್ನು ಕಟ್ಟಿಕೊಂಡು ಅನೇಕರು ಮನೆಯಲ್ಲೇ ಒಂದು ರಾತ್ರಿ ಮಲಗಿ ಮುಗಿಸಬಹುದು. ಗೊರಕೆಯ ಜೋರಿಗೂ ಈ ಸಂಖ್ಯೆಗೂ ನೇರ ಅನುಪಾತವಿಲ್ಲ. ಊರೆಲ್ಲ ಕೇಳುವಂತೆ ಗೊರಕೆ ಹೊಡೆಯುವವರಿಗೆ ಅದು 4 ಇರಬಹುದು, ಮೆಲ್ಲಗೆ ಹೊಡೆಯುವವರಿಗೆ 40 ಇರಬಹುದು. ಟಾರ್ಚು ಬಿಟ್ಟು ನೋಡಿ ಇದನ್ನು ಊಹಿಸಲು ಯಾವ ನುರಿತ ಕಣ್ಣಿಗೂ ಆಗುವುದಿಲ್ಲ.

ಇದರ ಮೊದಲ ಚಿಕಿತ್ಸೆಯೇ ಶಸ್ತ್ರಚಿಕಿತ್ಸೆಯಾಗಿತ್ತು, ಅದೂ ಬಲು ಕಠಿಣವಾದದ್ದು. 1960ರ ದಶಕದ ಕೊನೆಯಲ್ಲಿ ಜರ್ಮನಿಯ ವೈದ್ಯರು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಮುಚ್ಚುವ ಜಾಗವನ್ನೇ ಬದಿಗಿಟ್ಟು ಉಸಿರಾಡುವಂತೆ ಮಾಡಿದರು. ಕಾಯಿಲೆ ವಾಸಿಯಾಯಿತು, ಆದರೆ ಬಾಳೆಲ್ಲ ಕತ್ತಿನಲ್ಲಿ ತೂತು ಇಟ್ಟುಕೊಂಡು ಬದುಕಲು ಯಾರು ಒಪ್ಪಿಯಾರು? ಜಪಾನಿನ ಇಕೆಮಾತ್ಸು 1964ರಲ್ಲೇ ಗೊರಕೆಗೆಂದು ಅಂಗುಳದ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ್ದರು. ಅದನ್ನು ಸ್ಲೀಪ್ ಅಪ್ನಿಯಾಕ್ಕೆ ಒಗ್ಗಿಸಿ 1981ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶಿರೋ ಫುಜಿತಾ ಮತ್ತು ಜೊತೆಗಾರರು ಪ್ರಕಟಿಸಿದರು. ಟಾನ್ಸಿಲ್‌ಗಳನ್ನು ತೆಗೆದು, ಕಿರುನಾಲಿಗೆಯನ್ನೂ ಮೆತ್ತನೆಯ ಅಂಗುಳದ ಅಂಚನ್ನೂ ಕತ್ತರಿಸಿ, ಉಳಿದ ಅಂಚುಗಳನ್ನು ಹೊಲಿಗೆ ಹಾಕಿ ಬಿಗಿಗೊಳಿಸುವ ಆ ಕ್ರಮವನ್ನು ಇಎನ್‌ಟಿ ವೈದ್ಯರು ಇಂದಿಗೂ ಯುಪಿಪಿಪಿ ಎಂದೇ ಕರೆಯುತ್ತಾರೆ. ಅದೇ 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್, ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಸತತವಾಗಿ ಊದಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ಮತ್ತೆ ಪೈಪಿನ ಮಾತಿಗೆ ಬಂದರೆ, ಹೀರುವ ಕಡೆಗಿದ್ದ ಮೆತ್ತನೆಯ ಪೈಪನ್ನು ಸಲಿವನ್ ಒತ್ತುವ ಕಡೆಗೆ ತಂದು ನಿಲ್ಲಿಸಿದರು. ಫುಜಿತಾ ಪೈಪಿನ ಒಂದು ಗೇಣನ್ನು ರಿಪೇರಿ ಮಾಡಿದರು.

ಶಸ್ತ್ರಚಿಕಿತ್ಸೆಯ ಬಲವೂ ಮಿತಿಯೂ ಆ ಒಂದು ಗೇಣಿನಲ್ಲೇ ಇವೆ. ಮುಚ್ಚುವ ಜಾಗ ಅಂಗುಳವೇ ಆಗಿದ್ದರೆ, ದೊಡ್ಡ ಟಾನ್ಸಿಲ್‌ಗಳು ದಾರಿಗೆ ಅಡ್ಡ ನಿಂತಿದ್ದರೆ, ಆಪರೇಷನ್ನಿನಿಂದ ನಿಜವಾದ ಲಾಭವಿದೆ. ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಮುಚ್ಚುತ್ತಿದ್ದರೆ, ಗಂಟಲಿನ ಪಕ್ಕದ ಗೋಡೆಗಳೇ ಒಳಕ್ಕೆ ಕುಸಿಯುತ್ತಿದ್ದರೆ, ಕಿರುನಾಲಿಗೆಯನ್ನು ಎಷ್ಟು ಕತ್ತರಿಸಿದರೂ ಕೆಳಗಿನ ಬಾಗಿಲು ಮುಚ್ಚಿಯೇ ಇರುತ್ತದೆ. ರೋಗಿಗಳನ್ನು ಹೀಗೆ ಬೇರ್ಪಡಿಸದೆ ಎಲ್ಲರಿಗೂ ಒಂದೇ ಆಪರೇಷನ್ ಮಾಡುತ್ತಿದ್ದ ಕಾಲದ ಫಲಿತಾಂಶಗಳನ್ನು 1996ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಯಶಸ್ಸು ಕಂಡದ್ದು ಸುಮಾರು 40 ಪ್ರತಿಶತ ಜನರಲ್ಲಿ. ಕೆಲವು ವರ್ಷಗಳ ಬಳಿಕ ಅಮೆರಿಕದ ಫ್ರೀಡ್‌ಮನ್, ಟಾನ್ಸಿಲ್‌ನ ಗಾತ್ರ, ಬಾಯಿ ತೆರೆದಾಗ ನಾಲಿಗೆ ಕೂರುವ ಮಟ್ಟ, ದೇಹದ ತೂಕ, ಈ ಮೂರನ್ನು ಹಿಡಿದು ರೋಗಿಗಳನ್ನು ಹಂತಗಳಾಗಿ ವಿಂಗಡಿಸಿದರು. ಟಾನ್ಸಿಲ್ ದೊಡ್ಡದಾಗಿದ್ದು ನಾಲಿಗೆ ಕೆಳಗೆ ಕೂತಿರುವ ಮೊದಲ ಹಂತದವರಲ್ಲಿ ಅದೇ ಆಪರೇಷನ್ ಸುಮಾರು 80 ಪ್ರತಿಶತ ಗೆದ್ದಿತು. ಟಾನ್ಸಿಲ್ ಸಣ್ಣದಾಗಿ ನಾಲಿಗೆ ಎತ್ತರಿಸಿ ನಿಂತ ಮೂರನೆಯ ಹಂತದವರಲ್ಲಿ ಯಶಸ್ಸು 10 ಪ್ರತಿಶತವನ್ನೂ ಮುಟ್ಟಲಿಲ್ಲ. ಆರಿಸಿಕೊಂಡ ಗಂಟಲು ಯಾವುದು ಎಂಬುದರ ಮೇಲೆ ಫಲಿತಾಂಶ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಂಡಿಲ್ಲ.

ಮುಚ್ಚುವ ಜಾಗವನ್ನು ಕಣ್ಣಾರೆ ನೋಡುವ ವಿಧಾನವೂ ಈಗ ಇದೆ. ಔಷಧದಿಂದ ಲಘುವಾಗಿ ನಿದ್ದೆ ಬರಿಸಿ, ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ, ಗೊರಕೆ ಹೊಡೆಯುತ್ತಿರುವ ಗಂಟಲನ್ನೇ ನೋಡುವ ಈ ಪರೀಕ್ಷೆಯನ್ನು ಸ್ಲೀಪ್ ಎಂಡೋಸ್ಕೋಪಿ ಎನ್ನುತ್ತಾರೆ. ಎಚ್ಚರವಿದ್ದಾಗ ಬಿಗಿಯಾಗಿರುವ ಗಂಟಲನ್ನು ಟಾರ್ಚಿನಲ್ಲಿ ನೋಡುವುದಕ್ಕೂ ಇದಕ್ಕೂ ಇರುವ ಅಂತರ, ಬೇಸಿಗೆಯಲ್ಲಿ ಹೇಮಾವತಿಯನ್ನು ನೋಡಿ ಮಳೆಗಾಲದ ಪ್ರವಾಹವನ್ನು ಊಹಿಸುವಷ್ಟು. ಇದಕ್ಕೆಂದು ಬೆಂಗಳೂರು, ಮೈಸೂರು ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿ ಬರಬಹುದು. ಒಂದು ದಿನದ ಆ ಓಡಾಟ ಅನಗತ್ಯವಾದ ಒಂದು ಆಪರೇಷನ್ನನ್ನು ತಪ್ಪಿಸುವುದಾದರೆ ಅದು ದುಬಾರಿಯಲ್ಲ.

ಇಷ್ಟು ಹೇಳಿದ ಮೇಲೆ ಶಸ್ತ್ರಚಿಕಿತ್ಸೆಯ ಪರವಾದ ಸಾಕ್ಷ್ಯವನ್ನೂ ಮುಚ್ಚಿಡದೆ ಹೇಳಬೇಕು. ಸ್ವೀಡನ್ನಿನಲ್ಲಿ 65 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಯುಪಿಪಿಪಿ ಮಾಡಿ, ಇನ್ನೊಂದನ್ನು ಕಾಯಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರ ಎಎಚ್‌ಐ ಸುಮಾರು 53ರಿಂದ 21ಕ್ಕೆ ಇಳಿದಿತ್ತು. ಕಾದವರಲ್ಲಿ ಇಳಿಕೆ ಅಲ್ಪ. ಆಸ್ಟ್ರೇಲಿಯಾದಲ್ಲಿ ಸಿಪ್ಯಾಪ್ ಒಗ್ಗದ 102 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು. ಅಲ್ಲಿ ಅಂಗುಳವನ್ನು ಕತ್ತರಿಸಿ ಎಸೆಯುವ ಬದಲು ಮರುಜೋಡಿಸುವ ಹೊಸ ಕ್ರಮವನ್ನೂ ನಾಲಿಗೆಯ ಗಾತ್ರ ತಗ್ಗಿಸುವ ಸಣ್ಣ ಚಿಕಿತ್ಸೆಯನ್ನೂ ಒಟ್ಟಿಗೆ ಮಾಡಿದರು. ಆರು ತಿಂಗಳಲ್ಲಿ ಎಎಚ್‌ಐ ಸುಮಾರು 48ರಿಂದ 21ಕ್ಕೆ ಬಂದಿತು, ಹಗಲಿನ ತೂಕಡಿಕೆಯೂ ಗಣನೀಯವಾಗಿ ಕಡಿಮೆಯಾಯಿತು.

ಆದರೆ ಆ 21ನ್ನು ಮತ್ತೊಮ್ಮೆ ನೋಡಬೇಕು. 15ರಿಂದ 30ರವರೆಗೆ ಮಧ್ಯಮ ಪ್ರಮಾಣದ ಕಾಯಿಲೆ ಎಂದು ಮೇಲೆಯೇ ಹೇಳಿದ್ದೇನೆ. ಅಂದರೆ ಒಳ್ಳೆಯ ಕೈಗಳಲ್ಲಿ, ಆರಿಸಿದ ರೋಗಿಗಳಲ್ಲಿ ಕೂಡ ಸರಾಸರಿ ಫಲಿತಾಂಶವೆಂದರೆ ತೀವ್ರ ಕಾಯಿಲೆ ಮಧ್ಯಮಕ್ಕೆ ಇಳಿದದ್ದು. ಶಸ್ತ್ರಚಿಕಿತ್ಸಕರ ಲೆಕ್ಕದಲ್ಲಿ ಯಶಸ್ಸು ಎಂಬ ಮಾತಿಗೆ ಬಹುಕಾಲದಿಂದ ಇರುವ ಅರ್ಥ, ಎಎಚ್‌ಐ ಅರ್ಧಕ್ಕಿಂತ ಕಡಿಮೆಯಾಗಿ 20ರ ಒಳಗೆ ಬರುವುದು. 40 ಇದ್ದದ್ದು 19ಕ್ಕೆ ಇಳಿದರೆ ಅದು ಯಶಸ್ಸು. ಆದರೂ ಆ ಮನುಷ್ಯನ ಉಸಿರು ರಾತ್ರಿಯಿಡೀ ಮೂರು ನಿಮಿಷಕ್ಕೊಮ್ಮೆ ತಡೆಯುತ್ತಲೇ ಇರುತ್ತದೆ. ವೈದ್ಯರು "ಎಂಬತ್ತು ಪರ್ಸೆಂಟ್ ಸಕ್ಸೆಸ್" ಎಂದಾಗ ರೋಗಿಗೆ ಕೇಳಿಸುವುದು ವಾಸಿಯಾಗುತ್ತದೆ ಎಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಹಿಡಿದಿದ್ದಾರೆ. ಎಷ್ಟರಿಂದ ಎಷ್ಟಕ್ಕೆ ಇಳಿಯಬಹುದು ಎಂದು ಸಂಖ್ಯೆಯಲ್ಲೇ ಕೇಳುವುದು ರೋಗಿಯ ಹಕ್ಕು.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಸದ್ದಡಗಿದ ಕಾಯಿಲೆ. ಅದುರುವ ಕಿರುನಾಲಿಗೆಯನ್ನು ತೆಗೆದ ಮೇಲೆ ಗೊರಕೆಯ ಸದ್ದು ತಗ್ಗುವುದು ಸಹಜ. ಮನೆಯವರಿಗೆ ನೆಮ್ಮದಿ. ಕೆಳಗೆ ನಾಲಿಗೆಯ ಬುಡದಲ್ಲಿ ದಾರಿ ಮೊದಲಿನಂತೆಯೇ ಮುಚ್ಚುತ್ತಿದ್ದರೆ ಅದನ್ನು ಹೇಳುವ ಸದ್ದು ಈಗ ಇಲ್ಲ. ಎಚ್ಚರವಾಗಿ ಮಗ್ಗುಲು ತಳ್ಳುತ್ತಿದ್ದ ಅಕ್ಕ ಕೂಡ ನಿಶ್ಚಿಂತೆಯಿಂದ ಮಲಗಿರುತ್ತಾಳೆ. ಆದ್ದರಿಂದಲೇ ಆಪರೇಷನ್ ಆದ ಮೂರರಿಂದ ಆರು ತಿಂಗಳಲ್ಲಿ ಇನ್ನೊಂದು ಸ್ಲೀಪ್ ಸ್ಟಡಿ ಆಗಲೇಬೇಕು. ಹೊಲಿಗೆ ಒಣಗಿತೇ ಎಂದು ನೋಡಿ ಕಳಿಸಿಬಿಡುವ ಪದ್ಧತಿ ಈ ಕಾಯಿಲೆಗೆ ಸಾಲದು. ಲೇಸರ್‌ನಿಂದ ಹೊರರೋಗಿಯಾಗಿಯೇ ಅಂಗುಳವನ್ನು ಸುಟ್ಟು ಕಿರಿದು ಮಾಡುವ ವಿಧಾನ 1990ರ ಸುಮಾರಿಗೆ ಫ್ರಾನ್ಸಿನಿಂದ ಬಂದು ಬಹಳ ಜನಪ್ರಿಯವಾಯಿತು. ಸ್ಲೀಪ್ ಅಪ್ನಿಯಾಕ್ಕೆ ಅದನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಅಮೆರಿಕದ ನಿದ್ರಾವೈದ್ಯರ ಸಂಘವೇ ಹೇಳಿದೆ. "ನೋವಿಲ್ಲದ ಲೇಸರ್, ಅರ್ಧ ಗಂಟೆಯಲ್ಲಿ ಮನೆಗೆ" ಎಂಬ ಜಾಹೀರಾತು ಕಂಡರೆ ಇದನ್ನು ನೆನಪಿಡಬೇಕು.

ತೊಡಕುಗಳ ವಿಷಯವನ್ನು ಹೆದರಿಸದೆ ಹೇಳುವುದಾದರೆ, ದೊಡ್ಡವರ ಗಂಟಲಿನ ಈ ನೋವು ಹತ್ತು ಹದಿನೈದು ದಿನ ಊಟವನ್ನೇ ಮರೆಸುವಷ್ಟಿರುತ್ತದೆ. ಗಂಜಿ, ಮೊಸರನ್ನ, ತಣ್ಣಗಿನ ಹಾಲು, ಇಷ್ಟೇ ಇಳಿಯುವುದು. ಟಾನ್ಸಿಲ್ ತೆಗೆದ ಜಾಗದಿಂದ ಒಂದು ವಾರ ಕಳೆದ ಮೇಲೂ ರಕ್ತಸ್ರಾವವಾಗಬಹುದು, ಆದ್ದರಿಂದ ಆಸ್ಪತ್ರೆಯಿಂದ ದೂರದ ತೋಟದ ಲೈನ್ ಮನೆಗೆ ಕೂಡಲೇ ಮರಳಬಾರದು. ಅಂಗುಳವನ್ನು ಹೆಚ್ಚು ಕತ್ತರಿಸಿದರೆ ಕುಡಿದ ನೀರು ಮೂಗಿಗೆ ಬರುತ್ತದೆ, ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆ, ಸದಾ ಒಣಗಿದಂತೆ ಅನ್ನಿಸುವುದು ಹಲವರಲ್ಲಿ ಉಳಿದುಬಿಡುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 3,000ಕ್ಕೂ ಹೆಚ್ಚು ಆಪರೇಷನ್ನುಗಳನ್ನು ಪರಿಶೀಲಿಸಿದಾಗ ಗಂಭೀರ ತೊಡಕು ಸುಮಾರು 1.5 ಪ್ರತಿಶತ, ಒಂದು ತಿಂಗಳೊಳಗಿನ ಸಾವು 0.2 ಪ್ರತಿಶತ ಕಂಡುಬಂದಿತ್ತು. ಅಪ್ನಿಯಾ ಇರುವವರಿಗೆ ಅರಿವಳಿಕೆಯೇ ಹೆಚ್ಚಿನ ಅಪಾಯ. ಅದಕ್ಕಾಗಿ ಮೊದಲ ರಾತ್ರಿ ಆಮ್ಲಜನಕದ ಮಟ್ಟವನ್ನು ಎಚ್ಚರದಿಂದ ಕಾಯುವ ವ್ಯವಸ್ಥೆ ಇರುವಲ್ಲೇ ಇದನ್ನು ಮಾಡಿಸಬೇಕು. ಅಂಗುಳವನ್ನು ವಿಪರೀತ ಕತ್ತರಿಸಿಕೊಂಡವರಿಗೆ ಮುಂದೆ ಸಿಪ್ಯಾಪ್ ಬೇಕಾದರೆ ಗಾಳಿ ಬಾಯಿಯಿಂದ ಸೋರುವ ತೊಂದರೆಯೂ ಇದೆ.

ಹಾಗಾದರೆ ಎಲ್ಲರಿಗೂ ಸಿಪ್ಯಾಪ್ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳಬಹುದೇ? ಹಾಕಿಕೊಂಡಷ್ಟು ಹೊತ್ತು ಅದು ಬಹುಪಾಲು ಜನರಲ್ಲಿ ಗಂಟಲನ್ನು ತೆರೆದಿಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಹಾಕಿಕೊಳ್ಳುವುದರಲ್ಲಿ. ಹೃದಯದ ಇಲ್ಲವೇ ಮೆದುಳಿನ ರಕ್ತನಾಳದ ಕಾಯಿಲೆ ಮೊದಲೇ ಇದ್ದ 2,717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ರೋಗಿಗಳು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ, ಹೃದಯಾಘಾತ, ಪಾರ್ಶ್ವವಾಯುಗಳು ಅಲ್ಲಿ ಕಡಿಮೆಯಾಗಲಿಲ್ಲ. ಮಲೆನಾಡಿನಲ್ಲಿ ಇನ್ನೊಂದು ತೊಂದರೆಯಿದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈ ಮಳೆಗೆ ಮರ ಬಿದ್ದು ಲೈನು ಹೋದರೆ ಕರೆಂಟು ಬರುವುದಕ್ಕೆ ದಿನಗಟ್ಟಲೆ ಕಾಯಬೇಕು, ಯಂತ್ರ ಮೂಲೆ ಸೇರುತ್ತದೆ. ಆಪರೇಷನ್ನಿನ ಫಲ ಅರ್ಧವೇ ಆದರೂ ಅದು ಕರೆಂಟನ್ನು ಕೇಳುವುದಿಲ್ಲ, ರಾತ್ರಿಯ ಎಲ್ಲ ಗಂಟೆಗಳಲ್ಲೂ ಇರುತ್ತದೆ. ಸಿಪ್ಯಾಪ್ ನಿಜವಾಗಿಯೂ ಒಗ್ಗದವರಿಗೆ ಆಪರೇಷನ್ ಗೌರವದ ಆಯ್ಕೆ ಎನ್ನುವುದು ಈ ಕಾರಣಕ್ಕೆ. ಒಗ್ಗಲಿಲ್ಲ ಎನ್ನುವ ಮೊದಲು ಮಾಸ್ಕು ಬದಲಿಸಿ, ಮೂಗಿನ ಅಡ್ಡಿ ಸರಿಮಾಡಿಸಿ, ಕೆಲವು ವಾರ ಪ್ರಯತ್ನಿಸಿರಬೇಕು ಅಷ್ಟೆ. ಮೂಗಿನ ವಕ್ರ ಎಲುಬನ್ನು ಸರಿಪಡಿಸುವ ಆಪರೇಷನ್ನಿನಿಂದ ಅಪ್ನಿಯಾ ತಾನಾಗಿ ಹೋಗುವುದು ಅಪರೂಪ, ಆದರೆ ಯಂತ್ರ ಒಗ್ಗುವುದು ಸುಲಭವಾಗುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ದೊಡ್ಡವರಾದರೂ ಹಾಸಿಗೆ ಒದ್ದೆ ಮಾಡುವ, ತರಗತಿಯಲ್ಲಿ ಚಡಪಡಿಸುವ ಮಗುವಿನ ಟಾನ್ಸಿಲ್‌ಗಳನ್ನೂ ಮೂಗಿನ ಹಿಂಭಾಗದಲ್ಲಿರುವ ಟಾನ್ಸಿಲ್‌ನಂಥದ್ದೇ ಅಡಿನಾಯ್ಡ್‌ಗಳನ್ನೂ ಪರೀಕ್ಷಿಸಲೇಬೇಕು. 5ರಿಂದ 9 ವರ್ಷದ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಇವನ್ನು ತೆಗೆಸಿಕೊಂಡ 79 ಪ್ರತಿಶತ ಮಕ್ಕಳ ನಿದ್ರಾ ಪರೀಕ್ಷೆ ಸಹಜಕ್ಕೆ ಬಂದಿತ್ತು. ಸುಮ್ಮನೆ ಕಾದ ಮಕ್ಕಳಲ್ಲಿ ಅದು 46. ಮಕ್ಕಳಲ್ಲಿ ಆಪರೇಷನ್ ಮೊದಲ ಸಾಲಿನ ಚಿಕಿತ್ಸೆ, ಆದರೆ ಆ 46 ಪ್ರತಿಶತ ಹೇಳುವಂತೆ ಸೌಮ್ಯವಾಗಿದ್ದರೆ ಕೆಲವು ತಿಂಗಳು ಕಾದು ನೋಡುವುದೂ ತಪ್ಪಲ್ಲ.

ದೊಡ್ಡವರಲ್ಲಿ ತೂಕದ ಮಾತನ್ನು ಬಿಟ್ಟು ಯಾವ ಲೆಕ್ಕವೂ ಪೂರ್ತಿಯಾಗದು. ದೇಹದ ತೂಕ ಹತ್ತನೇ ಒಂದು ಪಾಲು ಇಳಿದರೆ ಎಎಚ್‌ಐ ಸುಮಾರು ಕಾಲುಭಾಗ ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನ ತೋರಿಸಿದೆ. ತೂಕ ಏರಿದರೆ ಏರಿಕೆ ಅದಕ್ಕಿಂತ ಜೋರು. ಆಪರೇಷನ್ನಿನಲ್ಲಿ ಗಳಿಸಿದ್ದನ್ನು ಮುಂದಿನ ಐದು ವರ್ಷಗಳ ಹೊಟ್ಟೆ ನುಂಗಿಹಾಕುವುದು ಹೀಗೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ, ಬೊಜ್ಜು ಇರುವವರ ಸ್ಲೀಪ್ ಅಪ್ನಿಯಾಕ್ಕೆಂದೇ, ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು; ಆ ಔಷಧ 2025ರ ಮಾರ್ಚಿನಲ್ಲಿ ಭಾರತದ ಮಾರುಕಟ್ಟೆಗೂ ಬಂದಿದೆ. ರಾತ್ರಿ ಮಲಗುವ ಮುಂಚಿನ ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವುದೇ ಅರ್ಧ ಔಷಧ.

ನಾನು ಈ ವಿಷಯಕ್ಕೆ ಇಷ್ಟು ಅಂಟಿಕೊಂಡಿರುವುದಕ್ಕೆ ಶಿರಾಡಿಯ ತಿರುವುಗಳೂ ಕಾರಣ. ಹಗಲಿನಲ್ಲಿ ತೂಕಡಿಸುವಷ್ಟು ಅಪ್ನಿಯಾ ಇರುವವರಿಗೆ, ಚಿಕಿತ್ಸೆ ಹಿಡಿತಕ್ಕೆ ಬಂದಿದೆ ಎಂಬ ವೈದ್ಯರ ಮಾತಿಲ್ಲದೆ ಚಾಲನಾ ಪರವಾನಗಿ ಕೊಡಬಾರದೆಂದು ಯುರೋಪಿಯನ್ ಒಕ್ಕೂಟ 2014ರಲ್ಲೇ ನಿಯಮ ಮಾಡಿದೆ. ನಮ್ಮಲ್ಲೂ ಕಣ್ಣಿನ ಪರೀಕ್ಷೆಯ ಜೊತೆ ಕತ್ತಿನ ಸುತ್ತಳತೆ ಎಷ್ಟು, ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಮನೆಯವರು ನೋಡಿದ್ದಾರೆಯೇ, ಬಿಪಿ ಇದೆಯೇ ಎಂದು ಲಾರಿ, ಬಸ್ಸು ಚಾಲಕರನ್ನು ಕೇಳುವುದಕ್ಕೆ ಐದು ನಿಮಿಷ ಸಾಕು. ಅನುಮಾನವಿದ್ದವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಮನೆಗೆ ಒಯ್ಯುವ ಸ್ಲೀಪ್ ಸ್ಟಡಿ ಯಂತ್ರ ಸಿಗುವಂತಾಗಬೇಕು. ಪರೀಕ್ಷೆ ಕೈಗೆಟುಕದಿರುವಲ್ಲಿ ಟಾರ್ಚಿನ ಬೆಳಕೇ ಪರೀಕ್ಷೆಯಾಗಿಬಿಡುತ್ತದೆ.

ಭಾವ ಆ ಆಸ್ಪತ್ರೆಯ ದಿನಾಂಕವನ್ನು ಬಿಟ್ಟುಬಿಟ್ಟರು. ಬೇರೆ ಕಡೆ ಮಾಡಿಸಿದ ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ 44 ಬಂದಿತು. ಟಾನ್ಸಿಲ್ ಸಣ್ಣದು, ನಾಲಿಗೆ ದಪ್ಪ, ಅಂಗುಳ ಕತ್ತರಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಅಲ್ಲಿನ ಇಎನ್‌ಟಿ ವೈದ್ಯರೇ ಹೇಳಿದರು. ಈಗ ಮನೆಯಲ್ಲಿದ್ದಾಗ ಸಿಪ್ಯಾಪ್ ಹಾಕಿಕೊಳ್ಳುತ್ತಾರೆ. ಲಾರಿಯ ಕ್ಯಾಬಿನ್ನಿನಲ್ಲಿ ಮಲಗುವ ರಾತ್ರಿಗಳಿಗೆಂದು ಬ್ಯಾಟರಿಗೆ ಸಣ್ಣ ಇನ್ವರ್ಟರ್ ಜೋಡಿಸಿಕೊಂಡಿದ್ದಾರೆ. ಮೊದಲ ವಾರ ಕ್ಲೀನರ್ ಹುಡುಗನಿಗೆ ಆ ಮಾಸ್ಕು ನೋಡಿ ಹೆದರಿಕೆಯಾಗಿತ್ತಂತೆ. ಏಳು ಕೆಜಿ ಇಳಿದಿದ್ದಾರೆ, ಇನ್ನೂ ಐದು ಇಳಿದ ಮೇಲೆ ಮಂಗಳೂರಿನಲ್ಲಿ ಸ್ಲೀಪ್ ಎಂಡೋಸ್ಕೋಪಿ ಮಾಡಿಸಿ, ನಾಲಿಗೆಯ ಬುಡಕ್ಕೆ ಏನಾದರೂ ಮಾಡಬಹುದೇ ಎಂದು ಕೇಳುವುದಿದೆ. ಅಕ್ಕ ಹಳೆಯ ರೆಕಾರ್ಡನ್ನು ಅಳಿಸಿಲ್ಲ, ಮಂಗಳೂರಿನ ಡಾಕ್ಟರಿಗೂ ಕೇಳಿಸಬೇಕು ಎಂದು ಇಟ್ಟುಕೊಂಡಿದ್ದಾಳೆ.